ಕಂಡಕ್ಟರನ ಕಾಲ್ನಡಿಗೆ ಬಸ್ಸು

"ನಾನು ಎರಡು ಸೀಟಿ ಊದಿದೆ ಅಂದ್ರೆ ಬೆಟ್ಟ ಕೂಡ ಬುಡ ಕಿತ್ಕೊಂಡು ಹೊರಡುತ್ತೆ. ಒಂದು ಊದಿದ್ರೆ ಹರಿಯೋ ಹೊಳೆ ನಿಲ್ಲುತ್ತೆ. ಇಷ್ಟು ವರ್ಷದಲ್ಲಿ ನನ್ನ ಸೀಟಿ ನಂಬಿದ ಒಬ್ಬರಿಗೂ ಕೂದಲು ಕೊಂಕಿಲ್ಲ."

ಕಂಡಕ್ಟರ್ ಈ ಮಾತನ್ನು ಕ್ಷೌರದಂಗಡಿಯಲ್ಲಿ ಕೆನ್ನೆಗೆ ಸೋಪು ಹಚ್ಚಿಸಿಕೊಂಡೇ ಹೇಳುತ್ತಿದ್ದ, ಹಾಲಿನ ಅಂಗಡಿಯ ಮುಂದೆ ನಿಂತೂ ಹೇಳುತ್ತಿದ್ದ. ಹಲ್ಲು ಕೀಳಿಸಲು ಹೋದಾಗ ಡಾಕ್ಟರ ಎರಡು ಬೆರಳು ಬಾಯೊಳಗಿದ್ದರೂ ಅರ್ಧ ಹೇಳಿ ಮುಗಿಸಿದ್ದ. ಬೆಟ್ಟದ ವಿಷಯವನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ, ಏಕೆಂದರೆ ಸುತ್ತಮುತ್ತ ಬೆಟ್ಟವೇ ಇರಲಿಲ್ಲ. ಇತ್ತು, ನಾನು ಊದಿದ ಮೇಲೆ ಹೊರಟುಹೋಯಿತು ಎಂದು ಅದಕ್ಕೂ ಅವನಲ್ಲಿ ಉತ್ತರವಿತ್ತು.

ಅರ್ಧ ಆಯುಷ್ಯವನ್ನು ಅವನು ಬಸ್ಸಿನ ಹಿಂಬಾಗಿಲಲ್ಲಿ ಕಳೆದವನು. ಆ ಬಸ್ಸಿನಲ್ಲಿ ಎಷ್ಟು ಜನ ತುಂಬುತ್ತಿದ್ದರೆಂದರೆ, ಬೆನ್ನು ತುರಿಸಿದವನು ಮೊದಲು ಅದು ಯಾರ ಬೆನ್ನು ಎಂದು ವಿಚಾರಿಸಿ ಆಮೇಲೆ ಕೆರೆದುಕೊಳ್ಳಬೇಕಿತ್ತಂತೆ. ಮುಂದೆ ಹತ್ತಿದ ಗಂಡಸಿಗೆ ಹಿಂದೆ ಹತ್ತಿದ ಹೆಂಡತಿ ಸಿಗುವಷ್ಟರಲ್ಲಿ ಇಬ್ಬರಿಗೂ ತಲೆ ನರೆತಿರುತ್ತಿತ್ತಂತೆ. ಅಷ್ಟು ಜನರ ನಡುವೆ ಡ್ರೈವರನಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ. ಯಾವ ಮುದುಕಿಯ ಒಂದು ಕಾಲು ಮೆಟ್ಟಿಲ ಮೇಲಿದೆ, ಯಾವ ಮಗುವಿನ ಕೈ ಬಾಗಿಲ ಸಂದಿಯಲ್ಲಿದೆ ಎನ್ನುವುದು ಕಂಡಕ್ಟರನಿಗೊಬ್ಬನಿಗೇ ಗೊತ್ತು. ಅವನು ಎರಡು ಸೀಟಿ ಊದಿದನೆಂದರೆ ಡ್ರೈವರ್ ಹಿಂದೆ ಮುಂದೆ ನೋಡದೆ ಹೊರಡಬೇಕು. ಸೀಟಿ ಬಿದ್ದ ಮೇಲೂ ಕತ್ತು ತಿರುಗಿಸಿ ನೋಡುವ ಡ್ರೈವರ್ ಎಂದರೆ ಕಂಡಕ್ಟರನ ಮುಖಕ್ಕೆ ಉಗಿದ ಹಾಗೆ. ಈ ಒಂದು ಶಾಸ್ತ್ರ ಅವನ ಮೂಳೆಯೊಳಗೆ ಇಳಿದಿತ್ತು.

ನಿವೃತ್ತನಾದ ಮೇಲೆ, ಹೆಂಡತಿಯೂ ಕಣ್ಮುಚ್ಚಿದ ಮೇಲೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮಗಳೊಡನೆ ಇದ್ದ. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ತೋಳು ಮಾತ್ರ ಹೊಲಿಯುವವಳು. ಎಡಗೈ ತೋಳು ಅವಳದು, ಬಲಗೈ ತೋಳು ಪಕ್ಕದವಳದು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಸಾಕು, ಅಪ್ಪನ ಬಾಯಿಂದ "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಬಂದುಬಿಡುತ್ತಿತ್ತು. ಅವನಿಗೆ ಏನಾದರೂ ಕೆಲಸ ಹುಡುಕದಿದ್ದರೆ ಒಂದು ದಿನ ಇಡೀ ಮನೆಗೇ ಸೀಟಿ ಊದಿ ಹೊರಡಿಸಿಬಿಡುತ್ತಾನೆ ಎಂದು ಅವಳು ಪಕ್ಕದವಳ ಹತ್ತಿರ ನಗುತ್ತ ಹೇಳಿಕೊಂಡಿದ್ದಳು.

ಕೆಲಸ ತಾನಾಗಿಯೇ ಬಂತು. ಅದೇ ಬಡಾವಣೆಯ ಪ್ರಾಥಮಿಕ ಶಾಲೆಯ ಗೇಟಿನ ಮುಂದೆ ಬೆಳಗಾದರೆ ಗಾಡಿಗಳ ಯುದ್ಧ. ಮೂರು ಮನೆ ಆಚೆಯ ಮಗುವೂ ಸ್ಕೂಟರಿನ ಮೇಲೆ, ಎದುರು ಮನೆಯ ಮಗು ಕಾರಿನಲ್ಲಿ. ಕೆಲವು ಮಕ್ಕಳು ನೆಲ ಎನ್ನುವುದನ್ನು ಶಾಲೆಯೊಳಗೆ ಮಾತ್ರ ಹಾಸುತ್ತಾರೆ ಎಂದು ತಿಳಿದಿದ್ದರು. ಹಾರನ್ನಿನ ಗಲಾಟೆ ಕೇಳಿ ಕೇಳಿ ಮಕ್ಕಳು ಅದೇ ತಾಳಕ್ಕೆ ಮಗ್ಗಿ ಹೇಳಲು ಕಲಿತುಬಿಟ್ಟಿದ್ದರು. ಶಾಲೆಯನ್ನು ನಡೆಸುವ ದೊಡ್ಡ ಟೀಚರ್ ರೋಸಿಹೋಗಿ, ಮಕ್ಕಳು ನಡೆದು ಬರಲಿ, ಮೈಯೂ ಗಟ್ಟಿಯಾಗುತ್ತದೆ, ಗೇಟೂ ಖಾಲಿಯಾಗುತ್ತದೆ, ಜೊತೆಗೆ ಬರಲು ಬಿಡುವಿರುವ ಹಿರಿಯರು ಯಾರಾದರೂ ಇದ್ದರೆ ಮುಂದೆ ಬನ್ನಿ ಎಂದು ಕೇಳಿಕೊಂಡರು. ಕಂಡಕ್ಟರ್ ಎರಡೂ ಕೈ ಎತ್ತಿದ.

ಅವನ ಕೈಗೆ ಸಿಕ್ಕ ಮೇಲೆ ಅದು ಬರೀ ಸಾಲಾಗಿ ಉಳಿದೀತೆ? ಬಸ್ಸಾಯಿತು. ಉದ್ದನೆಯ ನೀಲಿ ಹಗ್ಗಕ್ಕೆ ಅಂತರ ಬಿಟ್ಟು ಕುಣಿಕೆ ಕಟ್ಟಿದ. ಒಂದೊಂದು ಕುಣಿಕೆಯೂ ಒಂದೊಂದು ಸೀಟು. ಔಷಧದಂಗಡಿ ಒಂದು ಸ್ಟಾಪು, ನೀರಿನ ಟ್ಯಾಂಕು ಇನ್ನೊಂದು. ಕಿಟಕಿ ಪಕ್ಕವೇ ಬೇಕು ಎಂದು ಹಟ ಹಿಡಿದವನಿಗೆ ಚರಂಡಿಯ ಪಕ್ಕ ಕೊಟ್ಟು ಸಮಾಧಾನ ಮಾಡಿದ. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. "ರಸ್ತೆ ನೋಡೋದು ಕಂಡಕ್ಟರ್ ಕೆಲಸ. ನೀವು ಸೀಟಿ ಕೇಳಿ, ಸಾಕು" ಎನ್ನುವುದು ಅವನ ಕಾಯಿದೆ. ಮಕ್ಕಳು ಅದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಹೆಜ್ಜೆ ಎತ್ತಿದಾಗ ಒಂದು ಸೀಟಿ ಬಿದ್ದರೆ ಎತ್ತಿದ ಕಾಲು ಎತ್ತಿದ ಹಾಗೇ ಇರುತ್ತಿತ್ತು; ಮೂಗಿಗೆ ಹೋಗುತ್ತಿದ್ದ ಬೆರಳು ದಾರಿಯಲ್ಲೇ ನಿಲ್ಲುತ್ತಿತ್ತು.

ಹಗ್ಗದ ಮೊದಲನೆಯ ಕುಣಿಕೆ ಡ್ರೈವರನದು. ಅದನ್ನು ಹಿಡಿದವಳು ಇಸ್ತ್ರಿ ಅಂಗಡಿಯವಳ ಮಗಳು. ಮೂರನೆಯ ಕ್ಲಾಸು, ಮುಂದಿನ ಒಂದು ಹಲ್ಲಿಲ್ಲ, ಎರಡು ಜಡೆಗಳಲ್ಲಿ ಒಂದು ಯಾವಾಗಲೂ ಬಿಚ್ಚಿಕೊಂಡಿರುತ್ತಿತ್ತು. ಎಲ್ಲರೂ ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಆ ಕೆಲಸವನ್ನು ಅವಳು ಮಕ್ಕಳಾಟ ಎಂದು ತಿಳಿದಿರಲಿಲ್ಲ. ಏರು ಬಂದರೆ ಗೇರು ಬದಲಿಸಿ ಗಂಟಲಲ್ಲಿ ಗುರುಗುಟ್ಟುತ್ತಿದ್ದಳು, ಹೊಂಡ ಬಂದರೆ ಇಡೀ ಸಾಲನ್ನು ಸುತ್ತು ಹಾಕಿಸುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹೊರಡುವ ಮೊದಲೇ ಬಂದು ಗಂಭೀರವಾಗಿ ದೂರು ಕೊಟ್ಟಳು.

"ಬ್ರೇಕ್ ಹಿಡೀತಿಲ್ಲ ತಾತ."

"ಎಲ್ಲಿ, ಕಾಲೆತ್ತು ನೋಡೋಣ. ಚಪ್ಪಲಿ ಸವೆದಿದೆ ಕಣೇ. ಅಮ್ಮಂಗೆ ಹೇಳಿ ಟೈರ್ ಬದಲಾಯಿಸು."

ಅವಳ ಅಮ್ಮ ಮಾರನೆಯ ದಿನವೇ ಹೊಸ ಚಪ್ಪಲಿ ಹಾಕಿಸಿ ಕಳಿಸಿದಳು. ಬೀದಿಯ ಮೂಲೆಯ ತಗಡಿನ ಗೂಡಂಗಡಿಯಲ್ಲಿ ಬೆಳಗಿನಿಂದ ಕತ್ತಲಾಗುವ ತನಕ ಊರವರ ಅಂಗಿಗಳನ್ನು ಇಸ್ತ್ರಿ ಮಾಡುವ ಒಂಟಿ ಹೆಂಗಸು ಅವಳು. ಆ ಶಾಲೆಯ ಅರ್ಧದಷ್ಟು ಸಮವಸ್ತ್ರ ಅವಳ ಇಸ್ತ್ರಿಪೆಟ್ಟಿಗೆಯಡಿ ಹಾದೇ ಶಾಲೆಗೆ ಹೋಗುತ್ತಿತ್ತು. ಅವಳು ಇಸ್ತ್ರಿ ಮಾಡಿದ ಅಂಗಿಯ ಮಡಿಕೆಯಲ್ಲಿ ಹಣ್ಣು ಹೆಚ್ಚಬಹುದು ಎಂದು ಕಂಡಕ್ಟರ್ ಎಲ್ಲ ಕಡೆ ಹೇಳಿಕೊಂಡು ಬರುತ್ತಿದ್ದ.

ಕಾಲ್ನಡಿಗೆ ಬಸ್ಸು ಹೆಸರು ಮಾಡಿತು. ಊಟಕ್ಕೆ ಮುಖ ತಿರುವುತ್ತಿದ್ದ ಮಕ್ಕಳು ತಟ್ಟೆಯನ್ನೂ ನೆಕ್ಕುವ ಹಾಗಾದರು. ಗೇಟಿನ ಮುಂದೆ ಹಾರನ್ನು ಅಡಗಿತು. ನೋಡಲು ಬಂದ ಅಧಿಕಾರಿಗಳ ಮುಂದೆ ದೊಡ್ಡ ಟೀಚರ್ ಕಂಡಕ್ಟರನಿಂದ ಸೀಟಿ ಊದಿಸಿ, ಮಕ್ಕಳೆಲ್ಲ ಒಟ್ಟಿಗೆ ಹೆಜ್ಜೆ ಕಿತ್ತಿಡುವುದನ್ನು ತೋರಿಸಿ ಬೀಗಿದರು. ಕಂಡಕ್ಟರನ ಎದೆ ಎಷ್ಟು ಉಬ್ಬಿತೆಂದರೆ ಮಗಳು ಎರಡು ಅಂಗಿಗಳ ಗುಂಡಿ ಹೊಲಿಯಬೇಕಾಯಿತು.

ಮಳೆ ಹಿಡಿದ ವಾರ ಅವನು ಜ್ವರ ಬಂದು ಮಲಗಿದ. ಎದ್ದು ಹೊರಟವನ ಕೈಯಿಂದ ಮಗಳು ಸೀಟಿ ಕಿತ್ತುಕೊಂಡು ಬೀರುವಿನ ಮೇಲೆ ಎಸೆದು, ಇವತ್ತು ಬಸ್ಸಿಲ್ಲ, ನಿಮ್ಮ ನಿಮ್ಮ ಮಕ್ಕಳನ್ನು ನೀವೇ ಬಿಡಿ ಎಂದು ಎಲ್ಲರಿಗೂ ಫೋನಿನಲ್ಲಿ ಸುದ್ದಿ ಮುಟ್ಟಿಸಿದಳು. ಇಸ್ತ್ರಿ ಅಂಗಡಿಯವಳ ಮುಂದೆ ಅಂದು ಲಾಡ್ಜೊಂದರ ಹಾಸಿಗೆ ಹೊದಿಕೆಗಳ ರಾಶಿಯಿತ್ತು. ಸ್ವಲ್ಪ ತಡಿ, ಇದೊಂದು ಮುಗಿಸಿ ಬಿಟ್ಟು ಬರುತ್ತೇನೆ ಎಂದು ಮಗಳಿಗೆ ಹೇಳಿದಳು. ಡ್ರೈವರಿಗೆ ದಾರಿ ಗೊತ್ತಿಲ್ಲವೇ ಎಂದು ಮಗಳು ನಕ್ಕಳು. ತಾಯಿ ಹೂಂ ಎಂದಳು. ಡ್ರೈವರಮ್ಮ ಒಬ್ಬಳೇ ಹೊರಟಳು.

ಶಾಲೆ ಸೇರುವ ಮೊದಲು ದಾಟಬೇಕಾದ ದೊಡ್ಡ ರಸ್ತೆಯಲ್ಲಿ, ಪೀಠೋಪಕರಣದ ಅಂಗಡಿಯ ಎದುರಿಗೆ, ಅವಳಿಗೆ ಲಾರಿ ಬಡಿಯಿತು. ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಅವಳಿರಲಿಲ್ಲ.

ಕಂಡಕ್ಟರನಿಗೆ ಈ ಸುದ್ದಿ ಹೇಳಲು ಮಗಳು ಮೆಟ್ಟಿಲು ಹತ್ತಿ ಬಂದು ಕೋಣೆಯ ಬಾಗಿಲಲ್ಲೇ ನಿಂತಳು. ಒಳಗೆ ನಡೀರಿ ಎಂದು ಅವನು ಹೇಳಲಿಲ್ಲ. ಅವಳ ಮುಖ ನೋಡಿ ಎದ್ದು ಕೂತ.

ಹುಡುಗಿ ಓಡಿದಳಂತೆ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಲಾರಿಯವನು ಪೊಲೀಸರಿಗೆ ಹಾಗೆ ಹೇಳಿದ್ದು ನಿಜ. ಆ ಮಾತು ಎಲ್ಲರಿಗೂ ಹೇಗೋ ಹೊಂದಿಕೊಂಡಿತು. ಓಡುವ ಮಕ್ಕಳಿಗೆ ಹಾಗಾಗುತ್ತದೆ, ನಮ್ಮ ಮಕ್ಕಳು ಓಡುವುದಿಲ್ಲ ಎಂದುಕೊಂಡರೆ ಯಾವ ತಾಯಿತಂದೆಗೂ ನಿದ್ದೆ ಬರುತ್ತದೆ. ಹಾಲಿನ ಅಂಗಡಿಯ ಮುಂದೆ ಅವಳು ಮೊದಲಿಂದಲೂ ಸ್ವಲ್ಪ ಚೂಟಿ ಎಂದರು. ಶಾಲೆಯ ಪ್ರಾರ್ಥನೆಯಲ್ಲಿ ದೊಡ್ಡ ಟೀಚರೇ ಕಣ್ಣೊರೆಸಿಕೊಂಡು, ಹಿರಿಯರ ಮಾತು ಕೇಳದೆ ರಸ್ತೆಯಲ್ಲಿ ಓಡಿದರೆ ಏನಾಗುತ್ತದೆ ನೋಡಿದಿರಲ್ಲ ಎಂದರು. ಕಂಡಕ್ಟರನಿಗಂತೂ ಎದುರು ಸಿಕ್ಕವರೆಲ್ಲ ಬೆನ್ನು ತಟ್ಟಿ ಒಂದೇ ಸಮಾಧಾನ ಹೇಳಿದರು: ನೀವಲ್ಲಿ ಇರಲೇ ಇಲ್ಲವಲ್ಲ.

ಜ್ವರ ಬಿಟ್ಟ ದಿನ ಅವನು ಆ ರಸ್ತೆಗೆ ಹೋಗಿ ನಿಂತ. ಪೀಠೋಪಕರಣದ ಅಂಗಡಿಯ ಮುಂದೆ ಗಾಡಿಗಳನ್ನು ಹಿಂದಕ್ಕೆ ಮುಂದಕ್ಕೆ ತೆಗೆಸುವ ಕಾವಲುಗಾರನೊಬ್ಬನಿದ್ದ, ಕೆಲಸಕ್ಕೆ ಹೊಸಬ. ಇವನು ಕೇಳುವ ಮೊದಲೇ ಅವನು ಹತ್ತಿರ ಬಂದ. ಯಾರಿಗಾದರೂ ಹೇಳಿಕೊಳ್ಳದೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಓಡಲಿಲ್ಲ ಸಾರ್ ಅವಳು. ಅಂಚಲ್ಲಿ ಕಂಬದ ಹಾಗೆ ನಿಂತಿದ್ಲು. ನಾನು ವ್ಯಾನಿಗೆ ಬಾ ಬಾ ಅಂತ ಸೀಟಿ ಊದಿದೆ. ನಡೆದೇಬಿಟ್ಲು. ಪಕ್ಕಕ್ಕೂ ನೋಡಲಿಲ್ಲ."

"ಎಷ್ಟು ಸಲ ಊದಿದೆ?"

"ಎರಡು."

ಕಂಡಕ್ಟರ್ ಅಲ್ಲೇ ಮಾರಾಟಕ್ಕಿಟ್ಟಿದ್ದ ಒಂದು ಕುರ್ಚಿಯ ಮೇಲೆ ಕೂತ. ಕಾವಲುಗಾರ ನೀರು ತಂದುಕೊಟ್ಟ. ಬೇರೆ ಯಾರ ಕಿವಿಗೂ ಅದು ಬರೀ ಗದ್ದಲ. ಆ ಮಗುವಿಗೊಬ್ಬಳಿಗೆ ಅದು ಅಪ್ಪಣೆ.

ಅಲ್ಲಿಂದ ಅವನು ಹೋದದ್ದು ಇಸ್ತ್ರಿ ಅಂಗಡಿಗೆ. ಹೇಳಿಬಿಡಬೇಕೆಂದೇ ಹೋದ. ಅವಳು ಯಾರದೋ ಪ್ಯಾಂಟಿಗೆ ನೀರು ಚಿಮುಕಿಸುತ್ತಿದ್ದಳು. ಪಕ್ಕದ ಹಲಗೆ ಖಾಲಿಯಿತ್ತು. ಶಾಲೆಯ ಬಟ್ಟೆಗಳನ್ನು ಇನ್ನು ಹಿಡಿಯುವುದಿಲ್ಲ ಎಂದು ತಂದವರಿಗೆಲ್ಲ ಹಿಂದಿರುಗಿಸಿದ್ದಳಂತೆ. ಅವನನ್ನು ಕಂಡು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಎಲ್ಲರೂ ಓಡಿದ್ಲು ಅಂತಾರೆ. ನೀವಾದ್ರೂ ಹೇಳಿ. ನಿಮ್ಮ ಜೊತೆ ಬರುವಾಗ ಒಂದು ದಿನ ಓಡಿದ್ಲಾ?"

"ಇಲ್ಲಮ್ಮ."

"ಮತ್ತೆ ಆವತ್ತು ಯಾಕೆ ಓಡಿದ್ಲು? ನನ್ನ ಕಣ್ಣು ತಪ್ಪಿಸಿ ಎಷ್ಟು ದಿನದಿಂದ ಓಡ್ತಿದ್ಲು? ನಂಗೆ ನನ್ನ ಮಗಳೇ ಗೊತ್ತಿರಲಿಲ್ವಾ?"

ಬಸ್ಸಿನ ಗದ್ದಲದಲ್ಲೂ ಕೊನೆಯ ಸೀಟಿನವರಿಗೂ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಆ ಗೂಡಂಗಡಿಯ ಮುಂದೆ ಬರ್ತೀನಮ್ಮ ಎಂದಷ್ಟೇ ಹೇಳಿ ಬಂದುಬಿಟ್ಟ. ದಾರಿಯುದ್ದಕ್ಕೂ ಆ ಪ್ರಶ್ನೆ ಅವನ ಹಿಂದೆಯೇ ನಡೆದು ಬಂತು. ಮಗಳನ್ನು ಕಳೆದುಕೊಂಡವಳಿಗೆ, ಆ ಮಗಳು ಹೇಗಿದ್ದಳು ಎನ್ನುವ ನೆನಪನ್ನೂ ಊರು ಸೇರಿ ಕಸಿದುಕೊಳ್ಳುತ್ತಿತ್ತು. ಅದನ್ನು ಬಿಡಿಸಿ ಕೊಡಬಲ್ಲವನು ತಾನೊಬ್ಬನೇ.

ಮನೆಯಲ್ಲಿ ಮಗಳಿಗೆ ಎಲ್ಲವನ್ನೂ ಹೇಳಿದ. ಅವಳು, "ನೀನು ಮಲಗಿದ್ದೆ ಅಪ್ಪ. ಊದಿದವನು ಅವನು, ಗುದ್ದಿದವನು ಇನ್ನೊಬ್ಬ. ಇಲ್ಲದ್ದನ್ನ ಯಾಕೆ ಮೈಮೇಲೆ ಎಳ್ಕೋತೀಯಾ?" ಎಂದಳು. ಜನ ಕಲ್ಲು ಹೊಡೆಯದಿದ್ದರೂ ಕಣ್ಣಲ್ಲೇ ಸುಡುತ್ತಾರೆ, ಈ ವಯಸ್ಸಿನಲ್ಲಿ ನಿನಗದು ಬೇಡ ಎಂದು ಕೈ ಹಿಡಿದುಕೊಂಡಳು.

ಒಂದು ವೇಳೆ ತನ್ನದು ಬರೀ ಭ್ರಮೆಯೇ ಇದ್ದೀತು ಎಂದು ಅವನಿಗೂ ಆಸೆಯಿತ್ತು. ಬಸ್ಸು ಮತ್ತೆ ಶುರುವಾದಾಗ, ಶಾಲೆಯ ಹಿಂದಿನ ಗಾಡಿಯೇ ಬಾರದ ಓಣಿಯಲ್ಲಿ ಮಕ್ಕಳನ್ನು ಅಂಚಿಗೆ ನಿಲ್ಲಿಸಿ, ಈಗ ಬರುತ್ತೇನೆ ಎಂದು ಹೇಳಿ ಮೂಲೆ ತಿರುಗಿ ಗೋಡೆಯ ಹಿಂದೆ ಮರೆಯಾದ. ಅಲ್ಲಿಂದ ಎರಡು ಸೀಟಿ ಊದಿ ಇಣುಕಿದ. ಎಲ್ಲರೂ ರಸ್ತೆಗೆ ಇಳಿದಿದ್ದರು. ಒಂದು ಕತ್ತೂ ಅತ್ತಿತ್ತ ತಿರುಗಿರಲಿಲ್ಲ. ಎಲ್ಲರಿಗಿಂತ ಚಿಕ್ಕವಳು, ಬೇಗ ಹೊರಟೆನಲ್ಲ ಎಂದು ನಗುತ್ತಿದ್ದಳು. ಅವನು ಗೋಡೆಗೆ ಹಣೆಯಾನಿಸಿ ನಿಂತ. ಮಕ್ಕಳು ತಾತ ಕಣ್ಣಾಮುಚ್ಚಾಲೆ ಆಡುತ್ತಿದ್ದಾನೆ ಎಂದುಕೊಂಡರು.

ವಾರದ ಕೊನೆಗೆ ಶಾಲೆಯಲ್ಲಿ ಹೆತ್ತವರ ಸಭೆ. ದೊಡ್ಡವರೆಲ್ಲ ಒಂದನೆಯ ಕ್ಲಾಸಿನ ಪುಟ್ಟ ಬೆಂಚುಗಳಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಗುಲಿಸಿಕೊಂಡು ಕೂತಿದ್ದರು. ಇಸ್ತ್ರಿ ಅಂಗಡಿಯವಳು ಹಿಂದೆ, ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದಳು. ಗೇಟಿನ ಹತ್ತಿರ ಒಂದು ಫಲಕ ಹಾಕಿಸುತ್ತೇವೆ, ಓಡುತ್ತಿರುವ ಮಗುವಿನ ಚಿತ್ರ, ಕೆಳಗೆ ಮಾತು ಕೇಳಿ ನಡೆಯಿರಿ ಎಂಬ ಸಾಲು, ಆ ಮಗುವಿನ ನೆನಪಿಗೂ ಆಗುತ್ತದೆ ಎಂದು ದೊಡ್ಡ ಟೀಚರ್ ಹೇಳುತ್ತಿದ್ದಾಗ ಕಂಡಕ್ಟರ್ ಎದ್ದುನಿಂತ.

"ಅವಳು ಮಾತು ಕೇಳಲಿಲ್ಲ ಅಂತ ಬರೆಸಬೇಡಿ ಟೀಚರ್. ಕೇಳಿದ್ದಕ್ಕೇ ಹೋದ್ಲು."

ಸೀಟಿಯ ವಿಷಯ, ಕಾವಲುಗಾರನ ವಿಷಯ, ಓಣಿಯಲ್ಲಿ ತಾನು ಮಾಡಿ ನೋಡಿದ್ದು, ಎಲ್ಲವನ್ನೂ ಹೇಳಿದ. ಬಸ್ಸಿನ ಡ್ರೈವರನಿಗಿದ್ದ ಶಾಸ್ತ್ರವನ್ನೇ ರಸ್ತೆಯಲ್ಲಿ ನಡೆಯುವವರಿಗೂ ಕಲಿಸಿದೆ, ಮಕ್ಕಳ ಕಣ್ಣು ಕಟ್ಟಿಬಿಟ್ಟೆ ಎಂದ. ಒಂದು ಮಾತು ಮಾತ್ರ ಗಂಟಲಿನ ತನಕ ಬಂದು ಹಿಂದಕ್ಕೆ ಹೋಯಿತು. ಅದನ್ನು ಆಡುವ ಶಕ್ತಿ ಅಂದು ಅವನಲ್ಲಿರಲಿಲ್ಲ. ಹಾಗಾದರೆ ಇಷ್ಟು ದಿನ ನಮ್ಮ ಮಕ್ಕಳಿಗೆ ಕಲಿಸಿದ್ದಾದರೂ ಏನು ಎಂದು ಒಬ್ಬ ತಂದೆ ಹಲ್ಲು ಕಚ್ಚಿ ಕೇಳಿದ.

"ಬಸ್ಸಾಗೋದು ಕಲಿಸಿದೆ ಸ್ವಾಮಿ. ರಸ್ತೆ ದಾಟೋದು ಕಲಿಸಲಿಲ್ಲ."

ಇಸ್ತ್ರಿ ಅಂಗಡಿಯವಳು ಕೈಯಲ್ಲಿದ್ದ ಕರವಸ್ತ್ರವನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದಳು, ಇನ್ನೊಮ್ಮೆ ಮಡಿಸಿದಳು, ಮಡಿಸಲು ಬಾರದಷ್ಟು ಚಿಕ್ಕದಾದ ಮೇಲೆ ಯಾರನ್ನೂ ನೋಡದೆ ಹೊರಗೆ ಹೋದಳು.

ಅರ್ಧಕ್ಕರ್ಧ ಹೆತ್ತವರು ಮಕ್ಕಳನ್ನು ಹಗ್ಗದಿಂದ ಬಿಡಿಸಿಕೊಂಡರು. ಗೇಟಿನ ಮುಂದೆ ಮತ್ತೆ ಸ್ಕೂಟರುಗಳು ಬಂದವು. ಕೆಲವರು ಕಂಡಕ್ಟರ್ ಎದುರು ಬಂದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು, ಅದೂ ಬಹಳ ನೋಡಿಕೊಂಡು. ಕ್ಷೌರದಂಗಡಿಯವನು ಹಳೆಯ ಸಲಿಗೆಯಲ್ಲಿ ಬೆಟ್ಟದ ಸುದ್ದಿ ತೆಗೆದಾಗ ಅವನು ಕನ್ನಡಿಯಿಂದ ಮುಖ ತಿರುಗಿಸಿದ, ಕೆನ್ನೆಯ ಮೇಲೆ ಬ್ಲೇಡಿದ್ದರೂ. ದೊಡ್ಡ ಟೀಚರ್ ಮಾತ್ರ ಫಲಕವನ್ನು ಕೈಬಿಟ್ಟರು, ಅವನನ್ನು ಬಿಡಲಿಲ್ಲ. ಕಟ್ಟಿದವರೇ ಬಿಚ್ಚಿ ಎಂದರು.

ಬಿಚ್ಚುವುದು ಕಟ್ಟುವುದಕ್ಕಿಂತ ಕಷ್ಟವಾಯಿತು. ಓಣಿಯಲ್ಲಿ ನಿಲ್ಲಿಸಿ ಸೀಟಿ ಊದುವುದು; ಇಳಿದವರನ್ನು ಕೈ ಹಿಡಿದು ಹಿಂದಕ್ಕೆ ಕರೆತರುವುದು. ಮಕ್ಕಳಿಗೆ ತಲೆ ಬುಡ ತಿಳಿಯದೆ ಅಳು ಬರುತ್ತಿತ್ತು: ತಾತನೇ ಊದುತ್ತಾನೆ, ತಾತನೇ ಬೇಡ ಎನ್ನುತ್ತಾನೆ. ಕಾವಲುಗಾರನೂ ಬಂದು ಅವರ ಬೆನ್ನ ಹಿಂದೆ ಊದಿದ. ಊದಿ ಊದಿ ಅವನ ಕಣ್ಣಲ್ಲೂ ನೀರು ಬರುತ್ತಿತ್ತು. ನಿಧಾನವಾಗಿ ಒಂದೊಂದು ಕತ್ತು ತಿರುಗಲು ಶುರುವಾಯಿತು. ಹಗ್ಗ ಹೋಯಿತು. ಈಗ ರಸ್ತೆಯಂಚಿನಲ್ಲಿ ಪ್ರತಿ ಮಗುವೂ ತನಗೆ ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು, ಒಬ್ಬರಿಗೆ ಅನುಮಾನವಿದ್ದರೂ ಯಾರೂ ಇಳಿಯುವಂತಿಲ್ಲ. ಚಿಕ್ಕವಳಿಗೆ ಬಹು ದೂರದ ಒಂದು ಸೈಕಲ್ಲಿನ ಮೇಲೆ ನಂಬಿಕೆ ಬರಲಿಲ್ಲವೆಂದು, ಅದು ಬಂದು, ದಾಟಿ, ಮನೆ ಸೇರಿ, ಸವಾರ ಉಂಡು ಮಲಗುವ ತನಕ ಎಲ್ಲರೂ ಕಾದರು. ಆಮೆಗಳು ಇವರನ್ನು ಹಿಂದೆ ಹಾಕಿ ಶಾಲೆ ಮುಗಿಸಿ ಮನೆಗೆ ಹೋಗುತ್ತಿದ್ದವು. ಕಂಡಕ್ಟರ್ ಹಿಂದೆ ನಿಂತು ಏನೂ ಹೇಳುತ್ತಿರಲಿಲ್ಲ. ನೋಡಿಕೊಳ್ಳುತ್ತಿದ್ದ, ಅಷ್ಟೆ.

ಒಂದು ಬೆಳಿಗ್ಗೆ ಪೀಠೋಪಕರಣದ ಅಂಗಡಿಯ ಎದುರು, ರಸ್ತೆಯ ಈಚೆ ಬದಿಯಲ್ಲಿ, ಇಸ್ತ್ರಿ ಅಂಗಡಿಯವಳು ನಿಂತಿದ್ದಳು. ತಲೆಯ ಮೇಲೆ ಬಟ್ಟೆಯ ಗಂಟಿತ್ತು. ತಲುಪಿಸಲು ಹೊರಟಿದ್ದವಳು ಮಕ್ಕಳನ್ನು ಕಂಡು ನಿಂತಿದ್ದಳೋ, ನೋಡಲೆಂದೇ ಬಂದಿದ್ದಳೋ ಗೊತ್ತಾಗಲಿಲ್ಲ. ಮಕ್ಕಳು ಬಲಕ್ಕೆ ನೋಡಿ ಲಾರಿ ಎಂದರು, ಅದು ಹೋದ ಮೇಲೆ ಎಡಕ್ಕೆ ನೋಡಿ ಸ್ಕೂಟರ್ ಎಂದರು, ಮತ್ತೆ ಬಲಕ್ಕೆ ನೋಡಿ ಏನೂ ಇಲ್ಲ ಎಂದರು. ಎದುರಿನ ಅಂಗಡಿಯ ಮುಂದೆ ಒಂದು ವ್ಯಾನಿಗೆ ಎರಡು ಸೀಟಿ ಬಿತ್ತು. ಯಾರೂ ಮಿಸುಕಲಿಲ್ಲ. ಇನ್ನೊಮ್ಮೆ ನೋಡಿಕೊಂಡು, ತಾವಾಗಿಯೇ ಇಳಿದು, ದಾಟಿ ಹೋದರು.

ಅವಳು ಗಂಟನ್ನು ತಲೆಯಿಂದ ಇಳಿಸಿ ಎದೆಗೆ ಅವುಚಿಕೊಂಡಳು. ಸಭೆಯ ದಿನದಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ.

"ಅವಳಿಗೂ ಇದನ್ನೇ ಕಲಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಕಂಡಕ್ಟರ್ ತಲೆ ತಗ್ಗಿಸಲಿಲ್ಲ. ಅಂದು ಸಭೆಯಲ್ಲಿ ಗಂಟಲಿಗೆ ಸಿಕ್ಕಿಕೊಂಡಿದ್ದ ಮಾತು ಈಗ ತಾನಾಗಿ ಬಂತು.

"ಕಲಿಸೋ ಅಗತ್ಯಾನೇ ಇರಲಿಲ್ಲಮ್ಮ. ಮೊದಲನೇ ದಿನ ಇಲ್ಲೇ ನಿಂತು, ನಾನು ಊದಿದ್ರೂ ಇಳೀದೆ, ಆ ಕಡೆ ನೋಡಿದ್ಲು, ಈ ಕಡೆ ನೋಡಿದ್ಲು, ಆಮೇಲೆ ಕಾಲಿಟ್ಲು. ಯಾರು ಹೇಳ್ಕೊಟ್ಟಿದ್ದು ಅಂದೆ. ಅಮ್ಮ ಅಂದ್ಲು. ನಿಮ್ಮ ಮಗಳಿಗೆ ಎಲ್ಲ ಬರ್ತಿತ್ತು. ಮರೆಸಿದವನು ನಾನು."